ಜಾಲಿಗಿಡದ ಕೆಳಗಿನ ಪ್ರಾರ್ಥನೆ: ಕಾಡಿನ ಸಸ್ಪೆನ್ಸ್ ಪ್ರೇಮಕಾದಂಬರಿಯಲ್ಲಿ ಕ್ರೈಸ್ತ ವಿಶ್ವಾಸ ಹೆಣೆಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಸ ಬರಹಗಾರರು, ಅದರಲ್ಲೂ ಸಂಡೆ ಸ್ಕೂಲಿನಲ್ಲಿ ಕತೆ ಹೇಳುತ್ತ ಬರವಣಿಗೆಗೆ ಇಳಿದವರು, ತಿರುತಿರುಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಕತ್ಯಾಗ ದೇವರನ್ನ ತಂದ್ರ ಚರ್ಚಿನ ಪ್ರಸಂಗ ಆಗ್ತದ, ಬಿಟ್ರ ನಮ್ಮ ಕತಿನೇ ಅಲ್ಲ ಅನಸ್ತದ. ಏನ್ ಮಾಡಬೇಕ್ರಿ?" ಆ ಪ್ರಶ್ನೆಗೆ ಉತ್ತರ ಹಂತಹಂತವಾಗಿ ಇಲ್ಲಿದೆ.

ಮೊದಲು ಹೆಸರು ಬಿಡಿಸಿಕೊಳ್ಳೋಣ. ರೊಮ್ಯಾಂಟಿಕ್ ಸಸ್ಪೆನ್ಸ್ ಎಂದರೆ ಪ್ರೇಮವೂ ಪ್ರಾಣಭಯವೂ ಜೊತೆಜೊತೆಗೆ ನಡೆಯುವ ಕಾದಂಬರಿ. ಕೇಡಿಗ ಸಿಕ್ಕಿಬಿದ್ದು ಪ್ರೇಮ ಅರ್ಧಕ್ಕೆ ನಿಂತರೂ, ಪ್ರೇಮ ಕೂಡಿಬಂದು ಕೇಡಿಗನ ಸುದ್ದಿಯೇ ಮರೆತುಹೋದರೂ ಓದುಗರಿಗೆ ಮೋಸ. ವೈಲ್ಡರ್‌ನೆಸ್ ಎಂದರೆ ಊರಿನ ಸಹಾಯ ಬೇಗ ತಲುಪದ ಅಡವಿ, ಗುಡ್ಡ, ಕೊಳ್ಳ. ಇವುಗಳ ಜೊತೆ ಕ್ರೈಸ್ತ ವಿಶ್ವಾಸ ಸೇರಿದ ಕಾದಂಬರಿಗಳಿಗೆ ಅಮೆರಿಕದಲ್ಲಿ ದೊಡ್ಡ ಓದುಗವರ್ಗವಿದೆ. ಅಲ್ಲಿನ ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್ ಮಾಲೆಯ ಕಾದಂಬರಿಗಳು 55 ಸಾವಿರ ಇಂಗ್ಲಿಷ್ ಪದಗಳ ಆಸುಪಾಸಿನವು. ಬೈಗುಳ ಇರುವುದಿಲ್ಲ, ಮಲಗುವ ಕೋಣೆಯ ದೃಶ್ಯ ಇರುವುದಿಲ್ಲ, ರಕ್ತಪಾತದ ವರ್ಣನೆ ಕಡಿಮೆ. ಈ ಶಿಸ್ತನ್ನು ನಾವೂ ತೆಗೆದುಕೊಳ್ಳಬಹುದು. ಆದರೆ ಹಿಮದ ಬೆಟ್ಟ, ಮರದ ದಿಮ್ಮಿಯ ಮನೆ, ಕರಡಿಯ ಗುಹೆಗಳನ್ನು ಎತ್ತಿ ತಂದು ಚಿಂಚೋಳಿಯಲ್ಲಿ ಇಟ್ಟರೆ ಒಗ್ಗುವುದಿಲ್ಲ.

ಕೆಲಸಕ್ಕೆ ಕೂರುವ ಮೊದಲೇ ಒಂದು ಪರೀಕ್ಷೆ ತಲೆಯಲ್ಲಿರಲಿ. ನಿಮ್ಮ ಕತೆಯಿಂದ ಪ್ರಾರ್ಥನೆ, ಬೈಬಲ್ ವಾಕ್ಯ, ಚರ್ಚು ಎಲ್ಲವನ್ನೂ ಕಿತ್ತುಹಾಕಿ ಓದಿ. ಘಟನೆಗಳು ಹಾಗೆಯೇ ನಡೆದು, ಪಾತ್ರಗಳು ಅದೇ ನಿರ್ಧಾರ ತೆಗೆದುಕೊಂಡು, ಅದೇ ಕೊನೆ ಬಂದರೆ ವಿಶ್ವಾಸ ಅಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮಾತ್ರ. ಅದನ್ನು ಗೋಡೆಯಿಂದ ಇಳಿಸಿ ಪಾತ್ರದ ಕಾಲಿಗೆ ಕಟ್ಟುವುದೇ ಮುಂದಿನ ಅಷ್ಟೂ ಹಂತಗಳ ಉದ್ದೇಶ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ (2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.), ತಿಥಿ ತೋರಿಸುವ ಗೋಡೆ ಕ್ಯಾಲೆಂಡರ್, ನಿಮ್ಮ ಪಾತ್ರದ ಸಭೆಯಲ್ಲಿ (ಅಂದರೆ ಚರ್ಚಿನ ಪಂಗಡದಲ್ಲಿ) ಓದುವ ಬೈಬಲ್, ಮತ್ತು ಒಂದು ನೋಟ್‌ಬುಕ್.

1. ಅಡವಿ ಮತ್ತು ಋತುವನ್ನು ಮೊದಲು ಗೊತ್ತುಮಾಡಿ

ಹೆಚ್ಚಿನವರು ನಾಯಕಿಯಿಂದ ಶುರು ಮಾಡುತ್ತಾರೆ. ಈ ಪ್ರಕಾರದಲ್ಲಿ ಜಾಗದಿಂದ ಶುರು ಮಾಡುವುದು ಒಳ್ಳೆಯದು. ಯಾರು ಎಲ್ಲಿ ಅಡಗಬಹುದು, ಎಷ್ಟು ದೂರ ಓಡಬಹುದು, ಎಷ್ಟು ದಿನ ಬದುಕಬಹುದು ಎಂಬುದನ್ನು ಜಾಗವೇ ಹೇಳಿಬಿಡುತ್ತದೆ.

ನಮ್ಮಲ್ಲಿ ಮೂರು ತರದ ನೆಲ ಇದೆ. ಒಂದು, ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮ. ತೆಲಂಗಾಣದ ಗಡಿಗೆ ತಾಗಿದ, ಸುಮಾರು 135 ಚದರ ಕಿ.ಮೀ. ವಿಸ್ತಾರದ ಒಣ ಎಲೆ ಉದುರುವ ಕಾಡು. ಒಳಗೆ ಚಂದ್ರಂಪಳ್ಳಿ ಜಲಾಶಯ, ಸುತ್ತ ಕೊಂಚಾವರಂ ಕಡೆಯ ಗುಡ್ಡಗಳು, ನಡುನಡುವೆ ಲಂಬಾಣಿ ತಾಂಡಾಗಳು. ಎರಡು, ಬೀದರಿನ ಕೆಂಪು ಕಲ್ಲಿನ ಎತ್ತರದ ಬಯಲು, ಹೊನ್ನಿಕೇರಿ ಅರಣ್ಯ, ಚಿಗರಿ ಓಡಾಡುವ ಹುಲ್ಲುಗಾವಲು, ಮಾಂಜ್ರಾ ಮತ್ತು ಕಾರಂಜಾ ನದಿಗಳ ದಂಡೆ. ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಕರೇಜ್ ಎಂದರೆ ನೆಲದಡಿ ಕೊರೆದ ನೀರಿನ ಸುರಂಗ. ಮೇಲಿನಿಂದ ಸಾಲಾಗಿ ಗಾಳಿಬಾವಿಗಳು ತೆರೆದುಕೊಂಡಿರುತ್ತವೆ. ಸಸ್ಪೆನ್ಸ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಮೂರು, ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆಯ ಬಂಡೆಗುಡ್ಡಗಳು, ಕೃಷ್ಣಾ ಮತ್ತು ಭೀಮಾ ದಂಡೆ.

ಈಗ ಋತು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಚಿಂಚೋಳಿ ಕಾಡಿನ ಎಲೆ ಉದುರುತ್ತದೆ. ತೇಗದ ಒಣ ಎಲೆಯ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಆ ತಿಂಗಳುಗಳಲ್ಲಿ ಕೇಡಿಗ ‘ಸದ್ದಿಲ್ಲದೆ ಹಿಂದಿನಿಂದ ಬಂದ’ ಎಂದು ಬರೆದರೆ ಕಾಡು ಬಲ್ಲವರು ಪುಸ್ತಕ ಮುಚ್ಚುತ್ತಾರೆ. ಮರಗಳು ಬೋಳಾಗಿರುವುದರಿಂದ ಬಣ್ಣದ ಓಢಣಿ ದೂರಕ್ಕೆ ಕಾಣುತ್ತದೆ. ಮುತ್ತುಗ ಅರಳುವುದೂ ಆಗಲೇ. ಇಡೀ ಗುಡ್ಡ ಬೂದುಬಣ್ಣವಾಗಿರುವಾಗ ಅದೊಂದೇ ಕೆಂಪು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನಡೆಯುವವರ ಮೈಯಿಂದ ಗಂಟೆಗೆ ಸುಮಾರು ಒಂದು ಲೀಟರ್ ನೀರು ಬೆವರಾಗಿ ಹೋಗುತ್ತದೆ. ಒಂದು ಲೀಟರ್ ಬಾಟಲಿ ಹಿಡಿದು ಮೂರು ದಿನ ಓಡುವ ನಾಯಕಿ ನಂಬಲು ಬರುವುದಿಲ್ಲ. ಮುಳ್ಳುಕಂಟಿಯ ನಡುವೆ ದಾರಿ ಬಿಟ್ಟು ನಡೆದರೆ ಗಂಟೆಗೆ 2ರಿಂದ 3 ಕಿ.ಮೀ. ಸಾಗಿದರೆ ಹೆಚ್ಚು.

ನವೆಂಬರ್ ಆದರೆ ಲೆಕ್ಕವೇ ಬೇರೆ. ತೊಗರಿ ಆಳೆತ್ತರ ಬೆಳೆದಿರುತ್ತದೆ, ಒಬ್ಬ ಮನುಷ್ಯ ಹೊಲದಲ್ಲೇ ಅಡಗಬಹುದು. ಡಿಸೆಂಬರ್, ಜನವರಿಯಲ್ಲಿ ಕಟಾವಾದ ಮೇಲೆ ಅದೇ ಹೊಲ ಅಂಗೈಯಂಥ ಬಯಲು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಕಾಲು ಭಾರವಾಗುತ್ತದೆ. ಓಟದ ದೃಶ್ಯ ಬರೆಯುವವರು ಇದನ್ನು ಮರೆಯಬಾರದು.

ವಿಶ್ವಾಸದ ಎಳೆ ಇಲ್ಲಿಂದಲೇ ಹುಟ್ಟುತ್ತದೆ. ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ 40 ದಿನಗಳ ಉಪವಾಸಕಾಲ (ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ), ನಮ್ಮ ಕಾಡು ಎಲೆ ಕಳಚುವ ಕಾಲದಲ್ಲೇ ಬರುತ್ತದೆ. ಯೇಸು 40 ದಿನ ಅಡವಿಯಲ್ಲಿದ್ದುದರ ನೆನಪಿನ ಕಾಲ ಅದು. ಆತನು ಕಾಡುಮೃಗಗಳ ಸಂಗಡ ಇದ್ದನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ಕತೆಯನ್ನು ಬೂದಿ ಬುಧವಾರಕ್ಕೂ (ಲೆಂಟಿನ ಮೊದಲ ದಿನ) ಈಸ್ಟರಿಗೂ ನಡುವೆ ಇಟ್ಟುಕೊಂಡರೆ ಕಾಡು, ಕ್ಯಾಲೆಂಡರ್, ಪಾತ್ರದ ಒಳಗು ಮೂರೂ ಒಟ್ಟಿಗೆ ಒಣಗುತ್ತವೆ. ನೀವು ಒಂದು ಸಾಲು ಉಪದೇಶವನ್ನೂ ಬರೆಯಬೇಕಾಗಿಲ್ಲ.

ಎಚ್ಚರಿಕೆ: ಈಸ್ಟರ್ ದಿನಾಂಕವನ್ನು ಹುಣ್ಣಿಮೆಯಿಂದಲೇ ಲೆಕ್ಕ ಹಾಕುತ್ತಾರೆ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹಾಗಾಗಿ ಶುಭ ಶುಕ್ರವಾರದ ಹಿಂದುಮುಂದಿನ ರಾತ್ರಿಗಳಲ್ಲಿ ಹೆಚ್ಚು ಹೊತ್ತು ಬೆಳದಿಂಗಳು ಇದ್ದೇ ಇರುತ್ತದೆ. ಆ ವಾರದಲ್ಲಿ ‘ಕಣ್ಣು ಕಾಣದ ಅಮಾವಾಸ್ಯೆ ಕತ್ತಲು’ ಬರೆದರೆ ತಪ್ಪು. ಬೆಳದಿಂಗಳಲ್ಲಿ ಎಲೆ ಇಲ್ಲದ ಕಾಡಿನಲ್ಲಿ ಅಡಗುವುದು ಹೇಗೆ ಎಂಬ ಕಷ್ಟವನ್ನು ನಿಮ್ಮ ನಾಯಕಿಗೆ ಬಿಡಿ. ಕತ್ತಲಿಗಿಂತ ಅದು ಹೆಚ್ಚು ಭಯದ್ದು.

ಇನ್ನೊಂದು ತಪ್ಪು ಪದೇಪದೇ ಕಾಣುತ್ತದೆ: ಆನೆ ಹಿಂಡು, ಜಿಗಣೆ, ಸದಾ ತೊಟ್ಟಿಕ್ಕುವ ಮಳೆ. ಅವು ಮಲೆನಾಡಿನವು. ಇಲ್ಲಿ ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆ), ಚಿಗರಿ.

2. ಪಾತ್ರ ಯಾವ ಸಭೆಗೆ ಸೇರಿದ್ದು?

‘ಕ್ರಿಶ್ಚಿಯನ್ ಹುಡುಗಿ’ ಎಂದಷ್ಟೇ ಬರೆದರೆ ಸಾಲದು. ಬೀದರ್ ಸೀಮೆಯಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ 19ನೇ ಶತಮಾನದ ಕೊನೆಯಿಂದ ಕೆಲಸ ಮಾಡಿತು. ಹೀಗಾಗಿ ಇಲ್ಲಿ ಮೆಥೋಡಿಸ್ಟ್ ಮನೆತನಗಳು ಹೆಚ್ಚು. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ ಈ ಸಭೆ ಸೇರಲಿಲ್ಲ. ಕಥೋಲಿಕರಿಗೆ 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಆಯಿತು. ಪೆಂತೆಕೋಸ್ತ್ ಸಭೆಗಳೂ ಇವೆ.

ಇದು ಮಾತಿನಲ್ಲಿ ಗೊತ್ತಾಗಬೇಕು. ಮೆಥೋಡಿಸ್ಟ್ ಅಜ್ಜಿ "ಕರ್ತನೇ" ಎನ್ನುತ್ತಾಳೆ, ಕಥೋಲಿಕ ಅಜ್ಜಿ "ಪ್ರಭುವೇ" ಎನ್ನುತ್ತಾಳೆ. ಪ್ರೊಟೆಸ್ಟೆಂಟರ ಹಳೆಯ ಅನುವಾದದಲ್ಲಿ ‘ಯೆಹೋವ’ ಇರುವ ಕಡೆ ಕಥೋಲಿಕರು ಓದುವ ಅನುವಾದದಲ್ಲಿ ‘ಸರ್ವೇಶ್ವರ’ ಇರುತ್ತದೆ. ಒಬ್ಬರದು ಆರಾಧನೆ, ಇನ್ನೊಬ್ಬರದು ಬಲಿಪೂಜೆ. ಒಬ್ಬರಿಗೆ ಪಾಸ್ಟರ್, ಇನ್ನೊಬ್ಬರಿಗೆ ಫಾದರ್. ಕಾಡಿನಲ್ಲಿ ದಾರಿ ತಪ್ಪಿದ ಕಥೋಲಿಕ ಹುಡುಗಿಯ ಕೈ ಜಪಸರ ಹುಡುಕುತ್ತದೆ. ಮೆಥೋಡಿಸ್ಟ್ ಹುಡುಗಿಯ ಬಾಯಿಗೆ ಹಾಡು ಬರುತ್ತದೆ. ಪೆಂತೆಕೋಸ್ತ್ ಸಭೆಯವಳು ಗಟ್ಟಿಯಾಗಿ ಪ್ರಾರ್ಥಿಸಿ ರೂಢಿಯಾದವಳು. ಕೇಡಿಗ ಹತ್ತು ಮಾರು ದೂರದಲ್ಲಿರುವಾಗ ಅವಳು ಪಿಸುಮಾತಿನಲ್ಲಿ ಪ್ರಾರ್ಥಿಸಬೇಕಾಗಿ ಬಂದರೆ ಅದೇ ಒಂದು ದೃಶ್ಯ.

ಭಾಷೆಯ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಕಡೆಯ ಜನ "ಏನ್ ಮಾಡ್ಲತ್ತೀರಿ" ಎಂದು ಮಾತಾಡಿದರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ: "ನಿನ್ನನ್ನು ಸ್ತುತಿಸುತ್ತೇವೆ, ಕೊಂಡಾಡುತ್ತೇವೆ." ಕತೆಯ ಮೊದಲ ಅರ್ಧದಲ್ಲಿ ನಾಯಕಿ ಹೀಗೇ ಪ್ರಾರ್ಥಿಸಲಿ. ಪ್ರಾಣಕ್ಕೆ ಬಂದ ಕ್ಷಣದಲ್ಲಿ ಮಾತ್ರ ಅವಳ ಪ್ರಾರ್ಥನೆ ಮನೆಮಾತಿಗೆ ಇಳಿಯಲಿ. ಅವಳ ವಿಶ್ವಾಸ ಬಾಯಿಪಾಠದಿಂದ ಎದೆಗೆ ಇಳಿಯಿತೆಂದು ನೀವು ಬೇರೆ ಹೇಳಬೇಕಾಗಿಲ್ಲ.

ಹೆಸರಿನ ವಿಷಯ: ಎಲ್ಲರಿಗೂ ಜಾನ್, ಮೇರಿ ಇಡಬೇಡಿ. ಎಸ್ತೇರಮ್ಮನ ಮಗ ವಿಜಯಕುಮಾರ, ಸಮುವೇಲಪ್ಪನ ಮಗಳು ಸುನೀತಾ, ಇದೇ ಇಲ್ಲಿಯ ರೀತಿ.

3. ಪಾತ್ರದ ಎದೆಯಲ್ಲಿ ಒಂದೇ ಪ್ರಶ್ನೆ ಇಡಿ

ವಿಶ್ವಾಸದ ಎಳೆಗೆ ಬೇಕಾದದ್ದು ಒಂದು ಗಾಯ, ಅದರಿಂದ ಹುಟ್ಟಿದ ಒಂದು ತಪ್ಪು ನಂಬಿಕೆ. ಮಾದರಿಗೆ ಎರಡು ಪಾತ್ರ ಇಟ್ಟುಕೊಳ್ಳೋಣ. ಎಸ್ತೇರ, ಔಷಧಿ ಸಸ್ಯಗಳ ಸಮೀಕ್ಷೆಗೆ ಬಂದ ಬೀದರಿನ ಹುಡುಗಿ. ‘ತಪ್ಪು ಮಾಡದಿದ್ದರೆ ದೇವರು ಕಾಪಾಡುತ್ತಾನೆ’ ಎಂದು ನಂಬಿದವಳು. ದಾನಿಯೇಲ, ಗಸ್ತು ಅರಣ್ಯ ಪಾಲಕ. ತಮ್ಮ ಸತ್ತ ಮೇಲೆ ಚರ್ಚಿನ ಮೆಟ್ಟಿಲು ಹತ್ತಿಲ್ಲ. ‘ದೇವರು ನನ್ನ ಕಡೆ ನೋಡುವುದಿಲ್ಲ’ ಎಂಬುದು ಅವನ ತೀರ್ಮಾನ. ಕಾಡು ಇಬ್ಬರ ನಂಬಿಕೆಯನ್ನೂ ಪರೀಕ್ಷಿಸಬೇಕು. ತಪ್ಪು ಮಾಡದ ಎಸ್ತೇರಳ ಮೇಲೆ ಗುಂಡು ಹಾರುತ್ತದೆ. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದ ದಾನಿಯೇಲನನ್ನು ಯಾರೋ ಹುಡುಕಿಕೊಂಡು ಬರುತ್ತಾರೆ.

ಬೈಬಲಿನ ಅಡವಿಯ ಕತೆಗಳನ್ನು ಕೀಲಿಕೈ ತರ ಬಳಸಿ, ಆದರೆ ಒಂದು ಕಾದಂಬರಿಗೆ ಒಂದೇ ಸಾಕು. ‘ನನ್ನನ್ನು ನೋಡುವ ದೇವರು’ ಎಂದು, ಒಡತಿಯ ಕಾಟಕ್ಕೆ ಓಡಿಹೋದ ದಾಸಿ ಹಾಗರಳು ಅಡವಿಯ ಬುಗ್ಗೆಯ ಬಳಿ ದೇವರಿಗೆ ಹೆಸರಿಟ್ಟ ಕತೆ (ಆದಿಕಾಂಡ 16) ದಾನಿಯೇಲನಿಗೆ ಒಪ್ಪುತ್ತದೆ. ಪ್ರವಾದಿ ಎಲೀಯನ ಕತೆ (1 ಅರಸುಗಳು 19) ಇನ್ನೂ ಹತ್ತಿರದ್ದು. ಪ್ರಾಣಭಯದಿಂದ ಓಡಿಬಂದು ಅಡವಿಯಲ್ಲಿ ಸಾವನ್ನು ಬೇಡುತ್ತ ಅವನು ಮಲಗಿದ ಗಿಡವನ್ನು ನಮ್ಮ ಹಳೆಯ ಕನ್ನಡ ಬೈಬಲ್ ಜಾಲಿಗಿಡ ಎಂದೇ ಕರೆಯುತ್ತದೆ. ಆ ಕತೆಯ ಕಟ್ಟನ್ನು ಗಮನಿಸಿ. ಸೋತು ಮಲಗಿದವನನ್ನು ದೂತ ಬೈಯಲಿಲ್ಲ, ಪ್ರಶ್ನೆ ಕೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ಮಾತುಕತೆ ನಡೆದದ್ದು 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ನಿಮ್ಮ ಕತೆಯಲ್ಲೂ ಹೀಗೇ ಆಗಲಿ. ದಣಿದು ಬಿದ್ದ ದಾನಿಯೇಲನಿಗೆ ಮೊದಲು ಸಿಗಬೇಕಾದದ್ದು ತಾಂಡಾದ ಅಜ್ಜಿಯೊಬ್ಬಳ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ನೀರು. ಅವಳಿಗೆ ಬೈಬಲ್ ಗೊತ್ತಿರಬೇಕಾಗಿಲ್ಲ.

ಮೆಥೋಡಿಸ್ಟ್ ಬೋಧೆಯಲ್ಲಿ ಇದಕ್ಕೆ ಒಂದು ಮಾತಿದೆ: ಮುಂಚಿತವಾಗಿ ಬರುವ ಕೃಪೆ. ಮನುಷ್ಯ ದೇವರ ಕಡೆ ತಿರುಗುವ ಮೊದಲೇ ದೇವರು ಅವನಲ್ಲಿ ಕೆಲಸ ಶುರು ಮಾಡಿರುತ್ತಾನೆ ಎಂಬುದು ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಯ ಬೋಧನೆ. ಕಾದಂಬರಿಕಾರರಿಗೆ ಇದು ಕೈಗೆ ಸಿಕ್ಕ ಹತಾರ. ನಾಯಕ ‘ಬದಲಾಗುವ’ ಅಧ್ಯಾಯಕ್ಕಿಂತ ಹತ್ತು ಅಧ್ಯಾಯ ಮೊದಲೇ ಅವನಿಗೆ ಗೊತ್ತಿಲ್ಲದ ಸಣ್ಣ ಸಣ್ಣ ದಯೆಗಳನ್ನು ದಾರಿಯಲ್ಲಿ ಇಟ್ಟುಬಿಡಿ.

4. ಎಳೆಗಳನ್ನು ಗಂಟು ಹಾಕಿ

ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ 55 ಸಾವಿರ ಇಂಗ್ಲಿಷ್ ಪದಗಳ ಕತೆಗೆ 40 ಸಾವಿರ ಕನ್ನಡ ಪದ ಸಾಕು. 20 ಅಧ್ಯಾಯ, ಒಂದೊಂದಕ್ಕೆ 2 ಸಾವಿರ ಪದ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಅಪಾಯ, ಪ್ರೇಮ, ವಿಶ್ವಾಸ. ಪ್ರತಿ ಅಧ್ಯಾಯಕ್ಕೆ ಕಡಿಮೆ ಎಂದರೆ ಎರಡು ಕಾಲಂ ತುಂಬಿರಬೇಕು. ವಿಶ್ವಾಸದ ದೊಡ್ಡ ತಿರುವುಗಳು ನಾಲ್ಕೇ ಇರಲಿ. ಅವುಗಳ ಜಾಗ ಸುಮಾರು 3, 8, 14 ಮತ್ತು 18ನೇ ಅಧ್ಯಾಯ.

ನಿಯಮ ಒಂದೇ: ವಿಶ್ವಾಸದ ಕಾಲಂನಲ್ಲಿ ಬರೆದದ್ದು ಮುಂದಿನ ಅಧ್ಯಾಯದ ಅಪಾಯದ ಕಾಲಂ ಅನ್ನು ಬದಲಿಸಬೇಕು. ‘ಎಸ್ತೇರ ಪ್ರಾರ್ಥಿಸಿ ಧೈರ್ಯ ತಂದುಕೊಂಡಳು’ ಎಂಬುದು ತಿರುವಲ್ಲ. ‘ಸುಳ್ಳು ಹೇಳಿದ್ದರೆ ಬಚಾವಾಗುತ್ತಿದ್ದಳು, ಹೇಳಲಾಗಲಿಲ್ಲ, ಅದರಿಂದ ಕೇಡಿಗರಿಗೆ ತಾಂಡಾದ ದಾರಿ ಗೊತ್ತಾಯಿತು’ ಎಂಬುದು ತಿರುವು.

5. ಪ್ರಾರ್ಥನೆ ಬರೆಯುವುದು

ಇಲ್ಲಿ ನಿಧಾನ ಮಾಡಿ. ಹಸ್ತಪ್ರತಿಗಳು ಹೆಚ್ಚು ಕೆಡುವುದು ಇಲ್ಲೇ.

ಮೊದಲ ಕೆಡಕು, ಪ್ರಾರ್ಥನೆಯನ್ನು ಸ್ವಿಚ್ ತರ ಬಳಸುವುದು. ‘ಎಸ್ತೇರ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಕಣ್ಣು ತೆರೆಯುವಷ್ಟರಲ್ಲಿ ಫೋನಿಗೆ ಸಿಗ್ನಲ್ ಬಂದಿತ್ತು.’ ಇದರಿಂದ ಸಸ್ಪೆನ್ಸ್ ಅಲ್ಲೇ ಸತ್ತುಹೋಗುತ್ತದೆ. ಇನ್ನು ಏನೇ ಆದರೂ ಪ್ರಾರ್ಥನೆ ಮಾಡಿದರೆ ಮುಗಿಯಿತಲ್ಲ ಎಂದು ಓದುಗರು ನಿರಾಳವಾಗುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಪ್ರಾರ್ಥಿಸಿಯೂ ಮಗನನ್ನು ಕಳೆದುಕೊಂಡ ತಾಯಿ ನಿಮ್ಮ ಪುಸ್ತಕ ಓದುತ್ತಿರುತ್ತಾಳೆ. ಅವಳಿಗೆ ನೀವು ಸುಳ್ಳು ಹೇಳಿದ ಹಾಗಾಗುತ್ತದೆ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದಕ್ಕೂ ಬೈಬಲಿನಲ್ಲಿ ಜಾಗ ಇದೆ. ನಿಮ್ಮ ಕಾದಂಬರಿಯಲ್ಲೂ ಉತ್ತರ ಸಿಗದ ಪ್ರಾರ್ಥನೆ ಒಂದಾದರೂ ಇರಲಿ.

ಎರಡನೆಯದು ಉದ್ದ. ಅಪಾಯದ ನಡುವಿನ ಪ್ರಾರ್ಥನೆ ಮೂರು ಸಾಲು ಮೀರಬಾರದು. ಓಡುವವರಿಗೆ ಉಸಿರು ಎಲ್ಲಿದೆ? ಉದ್ದದ ಪ್ರಾರ್ಥನೆಗೆ ಜಾಗ ಒಂದೇ, ಅಪಾಯ ದಾಟಿದ ರಾತ್ರಿ. ಅದೂ ಐದಾರು ಸಾಲು.

ಮೂರನೆಯದು, ಪ್ರಾರ್ಥನೆಯಿಂದ ಪಾತ್ರಕ್ಕೆ ಏನೂ ಖರ್ಚಾಗದಿರುವುದು. ಹೀಗೆ ಬರೆದು ನೋಡಿ:

"ಬಾಟಲಿಯಲ್ಲಿ ನಾಲ್ಕು ಗುಟುಕು ನೀರಿತ್ತು. ಕಾಲು ಮುರಿದುಕೊಂಡು ಬಂಡೆಗೆ ಒರಗಿದ್ದವನು ನಿನ್ನೆ ರಾತ್ರಿ ಬಂದೂಕು ಹಿಡಿದು ಅವಳನ್ನು ಅಟ್ಟಿಸಿಕೊಂಡು ಬಂದವನೇ. ಅವನ ತುಟಿ ಒಡೆದು ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ‘ಕರ್ತನೇ, ಇವನಿಗಿ ಕೊಡು ಅಂತ ಮಾತ್ರ ಹೇಳಬ್ಯಾಡ.’ ಯಾರೂ ಏನೂ ಹೇಳಲಿಲ್ಲ. ಒಣ ಎಲೆಯ ಮೇಲೆ ಓತಿಕ್ಯಾತ ಸರಿದ ಸದ್ದು. ಎಸ್ತೇರ ಮುಚ್ಚಳ ತಿರುವಿದಳು."

ವೈರಿ ಬಾಯಾರಿದ್ದರೆ ನೀರು ಕೊಡು ಎಂಬ ವಾಕ್ಯ (ಜ್ಞಾನೋಕ್ತಿ 25, ರೋಮಾಪುರದವರಿಗೆ 12) ಈ ಸಾಲುಗಳ ಹಿಂದಿದೆ, ಆದರೆ ಪುಟದ ಮೇಲೆ ಇಲ್ಲ. ಬಲ್ಲವರು ಗುರುತಿಸುತ್ತಾರೆ, ಅರಿಯದವರಿಗೂ ದೃಶ್ಯ ಪೂರ್ತಿಯಾಗಿಯೇ ಸಿಗುತ್ತದೆ. ಈಗ ನೀರು ಖಾಲಿ, ಆದ್ದರಿಂದ ಮುಂದಿನ ಅಧ್ಯಾಯದ ಅಪಾಯ ಹೆಚ್ಚಾಯಿತು. ನಾಲ್ಕನೇ ಹಂತದ ನಿಯಮವೂ ಪಾಲನೆಯಾಯಿತು.

6. ವಾಕ್ಯಗಳ ಲೆಕ್ಕ, ಕೇಡಿಗನ ಬಾಯಿ

ಮೂರು ಅಧ್ಯಾಯಕ್ಕೆ ಒಂದು ಬೈಬಲ್ ವಾಕ್ಯ ಸಾಕು, ಅದೂ ಒಂದೇ ಸಾಲು. ಪಾತ್ರಕ್ಕೆ ಅದು ಎಲ್ಲಿಂದ ಗೊತ್ತು ಎಂಬುದನ್ನು ತೋರಿಸಿ: ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಿಂದಲೋ, ಅಜ್ಜನ ಸಮಾಧಿಯ ಕಲ್ಲಿನಿಂದಲೋ, ಸಂಡೆ ಸ್ಕೂಲ್ ಪರೀಕ್ಷೆಯ ಬಾಯಿಪಾಠದಿಂದಲೋ. ಅಧ್ಯಾಯ, ವಚನದ ಸಂಖ್ಯೆಯನ್ನು ಪಾತ್ರದ ಬಾಯಲ್ಲಿ ಹಾಕಬೇಡಿ.

ಅಡವಿಯಲ್ಲಿ ಯೇಸುವನ್ನು ಶೋಧಿಸಿದ ಸೈತಾನನು 91ನೇ ಕೀರ್ತನೆಯನ್ನೇ ಎತ್ತಿ ಮಾತಾಡಿದ (ಮತ್ತಾಯ 4). ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ಹಾರು ಎಂದ. ಈ ಪ್ರಕಾರದ ಒಳ್ಳೆಯ ಕೇಡಿಗನ ಗುಟ್ಟು ಇಲ್ಲಿದೆ. ರಕ್ತಚಂದನ ಸಾಗಿಸುವವನೋ ಭೀಮಾ ದಂಡೆಯ ಮರಳು ಕದಿಯುವವನೋ, ಅವನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವನಾಗಿರಲಿ, ವಾಕ್ಯ ನಾಯಕಿಗಿಂತ ಚೆನ್ನಾಗಿ ಬಲ್ಲವನಾಗಿರಲಿ. ಅದೇ 91ನೇ ಕೀರ್ತನೆಯನ್ನು ಎಸ್ತೇರಳ ಅಜ್ಜಿ ಪ್ರತಿ ರಾತ್ರಿ ಹೇಳುತ್ತಿದ್ದಳು. ಒಂದೇ ಕೀರ್ತನೆ ಎರಡು ಬಾಯಲ್ಲಿ ಕೇಳಿಬಂದಾಗ ಯಾರನ್ನು ನಂಬಬೇಕೆಂಬ ಪ್ರಶ್ನೆ ಸಸ್ಪೆನ್ಸ್ ಆಗುತ್ತದೆ.

ಇದರ ಜೊತೆಗೆ ಒಂದು ಗಂಭೀರ ಎಚ್ಚರಿಕೆ. ಬೇರೆ ಧರ್ಮದವರನ್ನು ಕೇಡಿಗರನ್ನಾಗಿಯೂ ಕ್ರೈಸ್ತರನ್ನು ಮಾತ್ರ ಒಳ್ಳೆಯವರನ್ನಾಗಿಯೂ ಬರೆಯಬೇಡಿ. ಇದು ಬಸವಕಲ್ಯಾಣದ ಶರಣರ ಸೀಮೆ, ಸೂಫಿ ಸಂತ ಬಂದೇನವಾಜರ ಸೀಮೆ, ಸಿಖ್ಖರ ನಾನಕ್ ಝೀರಾದ ಸೀಮೆ. ಇಲ್ಲಿಯ ಕ್ರೈಸ್ತ ಹುಡುಗಿಯ ಗೆಳತಿಯರ ಬಾಯಲ್ಲಿ ವಚನ ಇರುತ್ತದೆ, ಪಕ್ಕದ ಮನೆಯಲ್ಲಿ ಉರುಸಿನ ಮಾತು ಇರುತ್ತದೆ. ಅದನ್ನು ಅಳಿಸಿದರೆ ಕತೆ ಸುಳ್ಳಾಗುತ್ತದೆ.

7. ಪ್ರೇಮ: ‘ರೀ’ಯಿಂದ ‘ನೀ’ವರೆಗೆ

ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಒಂದು ಅನುಕೂಲ ಇದೆ. ದಾನಿಯೇಲ ಮೊದಲು "ಮೇಡಂ, ಒಳಗ ಹೋಗಬ್ಯಾಡ್ರಿ" ಎನ್ನುತ್ತಾನೆ. ಐದಾರು ಅಧ್ಯಾಯ ಕಳೆದು "ಎಸ್ತೇರ್ ಅವರೇ" ಆಗುತ್ತದೆ. ‘ನೀ’ ಎನ್ನುವುದು ಇಡೀ ಕಾದಂಬರಿಯಲ್ಲಿ ಮೊದಲ ಬಾರಿಗೆ ಪ್ರಾಣಾಪಾಯದಲ್ಲಿ ಬರಲಿ: "ಎಸ್ತೇರ್, ನೀ ಓಡು!" ಅಪಾಯ ಮುಗಿದ ಮೇಲೆ ಅವನು ಮತ್ತೆ ‘ರೀ’ಗೆ ಹಿಂದಿರುಗಿದರೆ ಅವಳಿಗೆ ನೋವಾಗಬೇಕು. ಮುತ್ತು, ಅಪ್ಪುಗೆ ಇಲ್ಲದೆಯೂ ಪ್ರೇಮ ಒಂದು ಮೆಟ್ಟಿಲು ಏರುತ್ತದೆ. ಅವಳು ದೇವರನ್ನು ಮೊದಲಿನಿಂದಲೂ ‘ನೀನು’ ಎಂದೇ ಕರೆಯುತ್ತಿದ್ದಾಳೆ ಎಂಬುದನ್ನೂ ಮರೆಯಬೇಡಿ.

ಇಬ್ಬರ ಧರ್ಮ ಬೇರೆಯಾದರೆ? ನಂಬಿಕೆಯಿಲ್ಲದವರೊಂದಿಗೆ ‘ಇಜ್ಜೋಡು’ ಆಗಬಾರದೆಂಬ ಮಾತನ್ನು (2 ಕೊರಿಂಥ 6) ಮನೆಯವರು ಎತ್ತುತ್ತಾರೆ. ಇಜ್ಜೋಡು ಎಂದರೆ ಹೊಂದದ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟುವುದು. ಇಲ್ಲಿ ಸುಲಭದ ದಾರಿ ಹಿಡಿಯಬೇಡಿ. ಹುಡುಗಿಗಾಗಿ ಹುಡುಗ 19ನೇ ಅಧ್ಯಾಯದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರೆ ಅದು ವಿಶ್ವಾಸವೂ ಅಲ್ಲ, ಒಳ್ಳೆಯ ಪ್ರೇಮವೂ ಅಲ್ಲ. ಅವನು ಬದಲಾಗುವುದಾದರೆ, ಹುಡುಗಿ ಸಿಗುವುದಿಲ್ಲ ಎಂದು ಗೊತ್ತಾದ ಮೇಲೂ ಬದಲಾಗಬೇಕು. ಬದಲಾಗುವುದಿಲ್ಲವಾದರೆ ಅದನ್ನೂ ಗೌರವದಿಂದ ಬರೆಯಿರಿ. ಮದುವೆಯ ವಿವರ ತಪ್ಪಬೇಡಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಮದುವೆ ಸಾಧ್ಯ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆದರೆ 30 ದಿನಗಳ ನೋಟಿಸ್ ಕಾಲ ಇರುತ್ತದೆ. ‘ಮರುದಿನವೇ ರಿಜಿಸ್ಟರ್ ಮದುವೆ’ ಆಗದು.

ಪಾತ್ರ ದೇವರ ಕಡೆ ತಿರುಗುವ ದೃಶ್ಯಕ್ಕೆ ಗುಡುಗು, ಮಿಂಚು ಬೇಡ. ವೆಸ್ಲಿ ತನ್ನ ಅನುಭವವನ್ನು ದಿನಚರಿಯಲ್ಲಿ ಬರೆದ ರೀತಿ ನೋಡಿ. 1738ರ ಮೇ 24, ರಾತ್ರಿ ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇದೆ. ಯಾರೋ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದಾರೆ. ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ಅಷ್ಟೇ. ಅಷ್ಟು ಸಣ್ಣದಾಗಿ ಬರೆಯಿರಿ, ಗಂಟೆ ಎಷ್ಟಾಗಿತ್ತು ಎಂಬುದರ ಸಮೇತ.

8. ಅಪಾಯದ ವಿವರ ಸರಿಯಿರಲಿ

ವಿಶ್ವಾಸದ ವಿಷಯದಲ್ಲಿ ಓದುಗರು ನಿಮ್ಮನ್ನು ನಂಬಬೇಕಾದರೆ ಹಾವಿನ ವಿಷಯದಲ್ಲಿ ಮೊದಲು ನಂಬಬೇಕು. ಗರಗಸ ಮಂಡಲ, ಕೊಳಕು ಮಂಡಲ, ನಾಗರ, ಕಟ್ಟು ಹಾವು, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಬಳಸುತ್ತಾರೆ. ಮೊದಲ ಸಲಕ್ಕೇ 8ರಿಂದ 10 ವಯಲ್ ಬೇಕಾಗುತ್ತದೆ, ಅದಕ್ಕೆ ಆಸ್ಪತ್ರೆಯೇ ಆಗಬೇಕು. ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ದಾರ ಬಿಗಿಯುವುದು ಮೂರೂ ತಪ್ಪು. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಸಾಗಿಸುವುದೇ ಪ್ರಥಮ ಚಿಕಿತ್ಸೆ. ಪ್ರಾರ್ಥನೆಯಿಂದಲೇ ವಿಷ ಇಳಿಯಿತೆಂದು ದಯವಿಟ್ಟು ಬರೆಯಬೇಡಿ. ನಿಮ್ಮ ಪುಸ್ತಕ ಓದಿದ ಮನೆಯವರು ನಾಳೆ ಆಸ್ಪತ್ರೆಗೆ ಹೋಗುವುದನ್ನು ಒಂದು ಗಂಟೆ ತಡಮಾಡಿದರೆ ಒಂದು ಜೀವ ಹೋಗುತ್ತದೆ. ಹಾವು ಕಚ್ಚಿದ ಎಸ್ತೇರಳನ್ನು ದಾನಿಯೇಲ ಹೊತ್ತು ನಡೆಯಲಿ, ನಡೆಯುತ್ತ ಪ್ರಾರ್ಥಿಸಲಿ.

ಇಲಾಖೆಯ ವಿವರ ಬೇಗ ಹೇಳುತ್ತೇನೆ. ಗಸ್ತು ಅರಣ್ಯ ಪಾಲಕ ನೋಡಿಕೊಳ್ಳುವುದು ಒಂದು ಬೀಟ್ (ಗಸ್ತು ತಿರುಗುವ ಪ್ರದೇಶ), ಅವನ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅವರ ಮೇಲೆ ವಲಯ ಅರಣ್ಯಾಧಿಕಾರಿ. ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಗಡಿಯ ಆಚೆ ಅಪರಾಧ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. ತೆಲಂಗಾಣದ ಗಡಿಯ ಕತೆಗೆ ಇದು ಬೇಕಾಗುತ್ತದೆ.

9. ಕೊನೆಯ ಮುಖಾಮುಖಿ

ದಾವೀದನು ಏಂಗೆದಿಯ ಗುಹೆಯಲ್ಲಿ ತನ್ನನ್ನು ಬೇಟೆಯಾಡುತ್ತಿದ್ದ ಅರಸ ಸೌಲನ ಬೆನ್ನ ಹಿಂದೆಯೇ ನಿಂತಿದ್ದ. ಕತ್ತಿ ಕೈಯಲ್ಲಿತ್ತು. ನಿಲುವಂಗಿಯ ಅಂಚು ಮಾತ್ರ ಕೊಯ್ದ, ಅಷ್ಟಕ್ಕೂ ಅವನ ಮನಸ್ಸು ಚುಚ್ಚಿತು (1 ಸಮುವೇಲ 24). ಕ್ರೈಸ್ತ ಸಸ್ಪೆನ್ಸಿನ ಕೊನೆಯ ದೃಶ್ಯಕ್ಕೆ ಇದು ತಳಪಾಯ. ಕೇಡಿಗನನ್ನು ಕೊಲ್ಲುವ ಅವಕಾಶ ಪಾತ್ರದ ಕೈಗೆ ಬರಬೇಕು, ಅದನ್ನು ಬಿಡುವುದಕ್ಕೆ ಬೆಲೆ ತೆರಬೇಕು. ಕೇಡಿಗ ತಾನಾಗಿ ಜಾರಿ ಬಾವಿಗೆ ಬಿದ್ದು ಸತ್ತರೆ ಆಯ್ಕೆ ಪಾತ್ರದ ಕೈಯಿಂದ ಜಾರಿಹೋಗುತ್ತದೆ. ಕ್ಷಮೆಗೂ ಕಾನೂನಿಗೂ ಜಗಳ ಹಚ್ಚಬೇಡಿ. ಎಸ್ತೇರ ಅವನನ್ನು ಕ್ಷಮಿಸಿದರೂ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲಿ.

10. ತಿದ್ದುವುದು

ಒಂದು ವಾರ ಹಸ್ತಪ್ರತಿ ಮುಟ್ಟಬೇಡಿ. ಆಮೇಲೆ ಮೊದಲೇ ಹೇಳಿದ ಪರೀಕ್ಷೆ ಮಾಡಿ: ವಿಶ್ವಾಸದ ಭಾಗಗಳನ್ನೆಲ್ಲ ಪೆನ್ಸಿಲಿನಿಂದ ಆವರಣದಲ್ಲಿ ಹಾಕಿ, ಅವುಗಳನ್ನು ಬಿಟ್ಟು ಓದಿ. ಎಲ್ಲಿ ಕತೆ ತೊಡರುವುದಿಲ್ಲವೋ ಅಲ್ಲಿಯ ಆವರಣವನ್ನು ಅಳಿಸಿ, ಇಲ್ಲವೇ ಪಾತ್ರದ ನಿರ್ಧಾರಕ್ಕೆ ಕಟ್ಟಿ.

ನಂತರ ಮೂವರಿಗೆ ಓದಲು ಕೊಡಿ. ನಿಮ್ಮ ಪಾತ್ರದ ಸಭೆಗೆ ಸೇರಿದ ಹಿರಿಯರೊಬ್ಬರಿಗೆ, ಕ್ರೈಸ್ತರಲ್ಲದ ಗೆಳೆಯರೊಬ್ಬರಿಗೆ, ಆ ಕಾಡಿನಲ್ಲಿ ಓಡಾಡಿ ಗೊತ್ತಿರುವ ತಾಂಡಾದವರಿಗೋ ಅರಣ್ಯ ಸಿಬ್ಬಂದಿಗೋ. ‘ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ‘ಛಲೋ ಅದ’ ಎನ್ನುತ್ತಾರೆ. ಹಿರಿಯರಿಗೆ "ಈ ಪ್ರಾರ್ಥನಿ ನಮ್ಮೋರು ಮಾಡೂ ಹಂಗ ಅದ ಏನ್ರಿ?" ಎಂದು ಕೇಳಿ. ಗೆಳೆಯರಿಗೆ "ಯಾವ ಪುಟದಾಗ ನಿನಗ ಉಪದೇಶ ಮಾಡಿದಂಗ ಆಯ್ತು?" ಎಂದು. ಕಾಡು ಬಲ್ಲವರಿಗೆ "ಈ ಹೊತ್ತಿಗಿ ಈ ಹಳ್ಳದಾಗ ನೀರು ಇರ್ತಾವ?" ಎಂದು. ಅವರು ಬೆರಳಿಟ್ಟು ತೋರಿಸಿದ ಸಾಲಿಗೆ ಅಲ್ಲೇ ಗೆರೆ ಎಳೆಯಿರಿ. ಮರುದಿನ ಆ ಸಾಲಿನಿಂದಲೇ ತಿದ್ದಲು ಶುರು ಮಾಡಿ.